ಐವತ್ತು ಜನರಿಗೆ ಪೋರ್ಕ್ ರೋಸ್ಟ್: ಬಿಸಿ, ದಪ್ಪ ಮತ್ತು ಹೊತ್ತಿನ ಲೆಕ್ಕ

ಡಿಸೆಂಬರ್ ಬಂತೆಂದರೆ ಕೆಜಿಎಫ್ ಕಡೆಯ ಮನೆಗಳಲ್ಲಿ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣತಮ್ಮಂದಿರು, ಚೆನ್ನೈಗೆ ಕೊಟ್ಟಿರುವ ಅಕ್ಕ, ಬಂಗಾರಪೇಟೆಯ ದೊಡ್ಡಮ್ಮನ ಮಕ್ಕಳು, ಎಲ್ಲರೂ ಕ್ರಿಸ್‌ಮಸ್‌ಗೆ ಸೇರುತ್ತಾರೆ. 'ಈ ಸಲ ಊಟ ನಮ್ಮನೇಲಿ' ಅಂತ ಯಾರೋ ಒಬ್ಬರು ಉತ್ಸಾಹದಲ್ಲಿ ಒಪ್ಪಿಕೊಂಡಿರುತ್ತಾರೆ. ಚಿಂತೆ ಶುರುವಾಗುವುದು ಆಮೇಲೆ. ಎರಡು ಕೆಜಿ ರೋಸ್ಟ್ ಕಣ್ಣುಮುಚ್ಚಿಕೊಂಡು ಮಾಡುವವರಿಗೂ ಹತ್ತು ಕೆಜಿ ಅಂದ ಕೂಡಲೇ ಕೈಕಾಲು ಆಡುವುದಿಲ್ಲ.

ಎರಡು ಕೆಜಿಗೆ ಮೂರು ಗಂಟೆ ಹಿಡಿದರೆ ಹತ್ತು ಕೆಜಿಗೆ ಹದಿನೈದು ಗಂಟೆ ಬೇಕಾ? ಎಲ್ಲ ಒಂದೇ ಪಾತ್ರೆಗೆ ಹಾಕಬಹುದಾ? ಒಳಗೆ ಕೆಂಪಗಿದ್ದರೆ ತಿನ್ನಬಹುದಾ? ಹುಳುವಿನ ಕಥೆ ನಿಜಾನಾ? ಹಿಂದಿನ ದಿನವೇ ಮಾಡಿಟ್ಟರೆ ಕೆಡುತ್ತಾ? ಇವಕ್ಕೆಲ್ಲ ಉತ್ತರ ಇದೆ. ಯಾಕೆ ಅನ್ನುವುದು ತಿಳಿದರೆ ಹೇಗೆ ಅನ್ನುವುದು ತಾನಾಗೇ ಬರುತ್ತದೆ.

ರೋಸ್ಟ್ ಅಂದರೆ ನಿಜಕ್ಕೂ ಏನು

ಸಾರಿಗೆ ಮಾಂಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ನೀರಲ್ಲಿ ಬೇಯಿಸುತ್ತೇವೆ. ರೋಸ್ಟ್‌ಗೆ ದೊಡ್ಡ ತುಂಡನ್ನು ಇಡಿಯಾಗಿ ಬೇಯಿಸಿ, ಹೊರಗಡೆ ಕಂದು ಬಣ್ಣ ಬರಿಸಿ, ಆಮೇಲೆ ಹೋಳು ಮಾಡುತ್ತೇವೆ. ಆ ಕಂದು ಬಣ್ಣದಲ್ಲೇ ರುಚಿ ಇರುವುದು. ಮಾಂಸದ ಮೇಲ್ಮೈ ಸುಮಾರು 140 ಡಿಗ್ರಿ ದಾಟಿದಾಗ ಅದರ ಪ್ರೋಟೀನ್ ಮತ್ತು ಸಕ್ಕರೆ ಅಂಶ ಸೇರಿ ಹೊಸ ಬಣ್ಣ, ಹೊಸ ವಾಸನೆ ಹುಟ್ಟುತ್ತದೆ. ನೀರು ಇರುವ ತನಕ ಮೇಲ್ಮೈ 100 ಡಿಗ್ರಿ ದಾಟುವುದೇ ಇಲ್ಲ. ಅದಕ್ಕೇ ಒದ್ದೆ ಮಾಂಸ ಬೇಯುತ್ತದೆ, ಕೆಂಪಗಾಗುವುದಿಲ್ಲ.

ನಮ್ಮ ಕಡೆಗೆ ಈ ಅಡುಗೆ ಬಂದದ್ದು ಚಿನ್ನದ ಗಣಿಯ ಜೊತೆಗೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಕೈಗೆತ್ತಿಕೊಂಡ ಮೇಲೆ ಇಂಗ್ಲಿಷರ, ಆಂಗ್ಲೋ ಇಂಡಿಯನ್ನರ ಮನೆಗಳು ಬಂದವು. ಅವರ ಅಡುಗೆಮನೆಯಲ್ಲಿ ರೋಸ್ಟ್‌ಗೆ ಕಾಳುಮೆಣಸು, ಲವಂಗ, ಒಣಮೆಣಸಿನಕಾಯಿ ಸೇರಿಕೊಂಡವು. 2001ರಲ್ಲಿ ಗಣಿ ಮುಚ್ಚಿತು. ರೋಸ್ಟ್ ಉಳಿದುಕೊಂಡಿತು.

ಯಾವ ಭಾಗ, ಎಷ್ಟು ಕೆಜಿ

ಹಂದಿಯ ಎಲ್ಲ ಭಾಗವೂ ಒಂದೇ ಥರ ಅಲ್ಲ. ಬೆನ್ನಿನ ಮಾಂಸ ಹೆಚ್ಚು ಕೆಲಸ ಮಾಡದ ಭಾಗ. ಮೆತ್ತಗಿರುತ್ತದೆ, ನೆಣ ಕಮ್ಮಿ, ಬೇಗ ಬೇಯುತ್ತದೆ. ಆದರೆ ಹತ್ತು ನಿಮಿಷ ಜಾಸ್ತಿ ಆದರೂ ಒಣಗಿ ನಾರಾಗುತ್ತದೆ. ಮುಂಗಾಲಿನ ಮೇಲಿನ ಭುಜದ ಭಾಗ ಇದಕ್ಕೆ ಉಲ್ಟಾ. ದಿನವಿಡೀ ಓಡಾಡಿದ ಸ್ನಾಯು ಅದು. ಒಳಗೆ ನೆಣವೂ ಇದೆ, ಸ್ನಾಯುಗಳನ್ನು ಹಿಡಿದಿಡುವ ಬಿಳಿ ಪೊರೆಯೂ ಇದೆ. ಹೊತ್ತು ಹಿಡಿಯುತ್ತದೆ, ಆದರೆ ಒಂದು ಗಂಟೆ ಆಚೀಚೆ ಆದರೂ ಕೆಡುವುದಿಲ್ಲ.

ಮನೆತುಂಬ ಜನ, ಒಬ್ಬರು ಕಾಫಿ ಕೇಳುತ್ತಾರೆ, ಇನ್ನೊಬ್ಬರು ಚಾರ್ಜರ್ ಎಲ್ಲಿ ಅಂತಾರೆ. ಅಂಥ ದಿನ ಬೆನ್ನಿನ ಮಾಂಸ ತರಬೇಡಿ. ಭುಜವೇ ಸರಿ. ತೊಡೆಯೂ ಆಗುತ್ತದೆ, ಸ್ವಲ್ಪ ಒಣ ಅಷ್ಟೇ. ಹೊಟ್ಟೆಯ ಭಾಗ ರುಚಿ ನಿಜ, ಆದರೆ ಅರ್ಧಕ್ಕರ್ಧ ನೆಣ. ಎಲ್ಲರಿಗೂ ಹಿಡಿಸುವುದಿಲ್ಲ.

ಲೆಕ್ಕ ಹೀಗೆ ಹಾಕಿ. ಮೂಳೆಯಿಲ್ಲದ ಹಸಿ ಮಾಂಸ ದೊಡ್ಡವರಿಗೆ 200 ಗ್ರಾಂ, ಮಕ್ಕಳಿಗೆ 100 ಗ್ರಾಂ. ನಲವತ್ತು ಜನ ದೊಡ್ಡವರು, ಹತ್ತು ಮಕ್ಕಳು ಅಂದರೆ 9 ಕೆಜಿ. ಮೂಳೆ ಸಮೇತ ಆದರೆ 11ರಿಂದ 12 ಕೆಜಿ ತನ್ನಿ. ಬೇಯುವಾಗ ನೀರು ಮತ್ತು ನೆಣ ಇಳಿದು ಭುಜದ ಮಾಂಸ ಸುಮಾರು ಮೂರನೇ ಒಂದು ಭಾಗ ತೂಕ ಕಳೆದುಕೊಳ್ಳುತ್ತದೆ. 9 ಕೆಜಿ ಹೋಗಿ 6 ಕೆಜಿ ಕೈಗೆ ಸಿಗುತ್ತದೆ. ಜೊತೆಗೆ ಕೋಳಿ ಸಾರು, ಬಿರಿಯಾನಿ ಇದ್ದರೆ ತಲೆಗೆ 150 ಗ್ರಾಂ ಹಸಿ ಮಾಂಸವೂ ಸಾಕು. ನಮ್ಮಲ್ಲಿ ಒಂದೇ ಬಗೆ ಮಾಡಿ ಸುಮ್ಮನಾಗುವವರು ಯಾರಿದ್ದಾರೆ ಹೇಳಿ.

ಅಂಗಡಿಯಲ್ಲಿ ಎರಡು ಮಾತು ಮೊದಲೇ ಹೇಳಿಬಿಡಿ: 'ಸಾರಿಗಲ್ಲ, ರೋಸ್ಟ್‌ಗೆ, ತುಂಡು ಮಾಡಬೇಡಿ' ಮತ್ತು 'ತೊಗಲು ತೆಗೆಯಬೇಡಿ'. ಹೇಳದಿದ್ದರೆ ಕೈಗೆ ಅಭ್ಯಾಸ ಇರುವ ಹಾಗೆ ಕೊಚ್ಚಿ ಕೊಟ್ಟುಬಿಡುತ್ತಾರೆ. ಹಬ್ಬದ ದಿನ ಭುಜದ ಮಾಂಸ ಬೇಗ ಖಾಲಿ. ಮೂರ್ನಾಲ್ಕು ದಿನ ಮೊದಲೇ ಹೇಳಿಟ್ಟರೆ ಒಳ್ಳೆಯದು.

ತೂಕ ಬಿಡಿ, ದಪ್ಪ ನೋಡಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬೇಯುವ ಹೊತ್ತನ್ನು ನಿರ್ಧರಿಸುವುದು ತುಂಡಿನ ದಪ್ಪ.

ಬಿಸಿ ಬಿಸಿ ರಾಗಿ ಮುದ್ದೆ ತಟ್ಟೆಗೆ ಬಿದ್ದು ಹತ್ತು ನಿಮಿಷವಾದರೂ, ಮೇಲೆ ಆರಿದೆ ಅಂತ ನಡುವಿಗೆ ಬೆರಳು ಹಾಕಿದರೆ ಚುರ್ ಅನ್ನುತ್ತದೆ ಅಲ್ವಾ? ಒಳಗಿನ ಬಿಸಿ ಹೊರಗೆ ಬರಲು ಅಷ್ಟು ಹೊತ್ತು ಬೇಕು. ಮಾಂಸದಲ್ಲಿ ಇದೇ ಕೆಲಸ ತಿರುಗುಮುರುಗಾಗಿ ನಡೆಯುತ್ತದೆ. ಹೊರಗಿನ ಬಿಸಿ ನಿಧಾನವಾಗಿ ಒಳಗೆ ಇಳಿಯಬೇಕು. ದಪ್ಪ ಎರಡರಷ್ಟಾದರೆ ನಡುವಿನ ತನಕ ಬಿಸಿ ಮುಟ್ಟಲು ಹೆಚ್ಚುಕಮ್ಮಿ ನಾಲ್ಕರಷ್ಟು ಹೊತ್ತು ಬೇಕು. ಉದ್ದ ಎರಡರಷ್ಟಾದರೆ? ಹೊತ್ತು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಬಿಸಿ ಪಕ್ಕದಿಂದಲೇ ಒಳಗೆ ಹೋಗುವುದರಿಂದ.

ಹಾಗಾಗಿ 9 ಕೆಜಿಯ ಒಂದು ಗುಡ್ಡೆ ತರುವ ಬದಲು ಎರಡೆರಡು ಕೆಜಿಯ ನಾಲ್ಕೈದು ತುಂಡು ತನ್ನಿ. ಎಲ್ಲ ಹೆಚ್ಚುಕಮ್ಮಿ ಒಂದೇ ದಪ್ಪ ಇರಲಿ. ಒಂದರ ಪಕ್ಕ ಒಂದು, ನಡುವೆ ಎರಡು ಬೆರಳು ಜಾಗ ಬಿಟ್ಟು ಇಟ್ಟರೆ ಐದು ತುಂಡಿಗೂ ಒಂದು ತುಂಡಿಗೆ ಬೇಕಾದಷ್ಟೇ ಹೊತ್ತು, ಇಲ್ಲವೇ ಸ್ವಲ್ಪ ಜಾಸ್ತಿ. ಒತ್ತೊತ್ತಾಗಿ ತುರುಕಿದರೆ ಮಾತ್ರ ಐದೂ ಸೇರಿ ಒಂದೇ ದೊಡ್ಡ ಗುಡ್ಡೆಯ ಥರ ಆಗಿಬಿಡುತ್ತವೆ. ವಿಡಿಯೋಗಳಲ್ಲಿ ಇಡೀ ಹಂದಿ ಸುಡುವುದನ್ನು ನೋಡಿ ಆಸೆಪಡುವವರಿದ್ದಾರೆ. ಮೊದಲ ಸಲಕ್ಕೆ ಅದು ಬೇಡ. ತೊಡೆ ಬೇಯುವಷ್ಟರಲ್ಲಿ ಬೆನ್ನು ಒಣಗಿರುತ್ತದೆ.

ಎಷ್ಟು ಡಿಗ್ರಿಗೆ ಏನಾಗುತ್ತದೆ

ಇಲ್ಲಿ ಹೇಳುವ ಡಿಗ್ರಿ ಓವನ್ನಿನದಲ್ಲ, ಮಾಂಸದ ನಟ್ಟನಡುವಿನದು.

ಸುಮಾರು 50 ಡಿಗ್ರಿಯಿಂದ ಮಾಂಸದ ಪ್ರೋಟೀನ್ ಗಟ್ಟಿಯಾಗಲು ಶುರು. 65 ದಾಟಿದರೆ ಎಳೆಗಳು ಬಿಗಿದುಕೊಂಡು ರಸವನ್ನು ಹೊರಗೆ ತಳ್ಳುತ್ತವೆ. ಬೆನ್ನಿನ ಮಾಂಸ ಒಣಗುವುದು ಇಲ್ಲೇ. ಭುಜದ ಮಾಂಸವೂ ಈ ಹಂತದಲ್ಲಿ ತೆಗೆದರೆ ಚಪ್ಪಲಿ ಥರ ಗಟ್ಟಿ. ಆದರೆ ಬಿಡದೆ 80, 90ರ ತನಕ ನಿಧಾನವಾಗಿ ಕರೆದೊಯ್ದರೆ ಆ ಬಿಳಿ ಪೊರೆ ಕರಗಿ ಜೆಲಾಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದಾಗ ಗಟ್ಟಿಯಾಗುತ್ತಲ್ಲ, ಅದೇ ಅಂಶ ಇದು. ಎಳೆಗಳ ನಡುವೆ ಅದು ಹರಡಿಕೊಂಡು ಮಾಂಸ ಮೆತ್ತಗೆ, ರಸವತ್ತಾಗಿ ಇರುತ್ತದೆ. 90ರಿಂದ 93 ಡಿಗ್ರಿಗೆ ಬಂದ ಭುಜದ ತುಂಡಿಗೆ ಫೋರ್ಕ್ ಚುಚ್ಚಿ ತಿರುಗಿಸಿದರೆ ತಡೆಯೇ ಇಲ್ಲದೆ ತಿರುಗುತ್ತದೆ. ಮೂಳೆ ಇದ್ದರೆ ಕೈಯಲ್ಲಿ ಅಲುಗಾಡಿಸಿದಾಗ ಸಡಿಲವಾಗಿ ಆಡುತ್ತದೆ.

ದಾರಿಯಲ್ಲಿ ಒಂದು ಕಡೆ ಎಲ್ಲರೂ ಗಾಬರಿಯಾಗುತ್ತಾರೆ. ಓವನ್ನಿನಲ್ಲಿ ಮುಚ್ಚದೆ ಇಟ್ಟರೆ 65, 70 ಡಿಗ್ರಿ ಹೊತ್ತಿಗೆ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು ನಿಂತುಬಿಡುತ್ತದೆ. ಒಂದು ಗಂಟೆಯಾದರೂ ಏರುವುದಿಲ್ಲ. ಗ್ಯಾಸ್ ಖಾಲಿಯಾಯಿತಾ, ಓವನ್ ಕೆಟ್ಟಿತಾ ಅಂತ ನೋಡುವುದು ಬೇಡ. ಮಾಂಸದ ನೀರು ಮೇಲೆ ಬಂದು ಆವಿಯಾಗುವಾಗ ಬಿಸಿಯನ್ನು ತನ್ನ ಜೊತೆ ಎಳೆದೊಯ್ಯುತ್ತದೆ. ಕೊಟ್ಟ ಬಿಸಿ, ಹೋಗುವ ಬಿಸಿ ಎರಡೂ ಸರಿಸಮ ಆದಾಗ ಹೀಗೆ. ಫಾಯಿಲ್ ಹಾಳೆ ಬಿಗಿಯಾಗಿ ಮುಚ್ಚಿದರೆ ಆವಿ ನಿಲ್ಲುತ್ತದೆ, ಮುಳ್ಳು ಮತ್ತೆ ಏರುತ್ತದೆ.

ಇದನ್ನೆಲ್ಲ ಕಣ್ಣಳತೆಯಲ್ಲಿ ನೋಡುವುದು ಕಷ್ಟ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಐವತ್ತು ಜನರ ಅಡುಗೆಗೆ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ಮೂಳೆಗೆ ತಗಲದಂತೆ, ಅತಿ ದಪ್ಪ ಜಾಗದ ನಡುವಿಗೆ ಚುಚ್ಚಬೇಕು. ಸರಿಯಿದೆಯಾ ಅಂತ ನೋಡಲು ಕುದಿಯುವ ನೀರಿಗೆ ಹಾಕುತ್ತೀರಾ? 97 ತೋರಿಸಿದರೆ ಅಂಗಡಿಗೆ ವಾಪಸ್ ಕೊಡಬೇಡಿ. ಕೋಲಾರ, ಕೆಜಿಎಫ್ ಕಡೆ ಸಮುದ್ರ ಮಟ್ಟಕ್ಕಿಂತ ಎಂಟುನೂರು ಮೀಟರ್‌ಗೂ ಮೇಲಿವೆ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿ ಆಸುಪಾಸಿನಲ್ಲಿ.

ಲಾಡಿ ಹುಳುವಿನ ಭಯ: ಎಷ್ಟು ನಿಜ

ಹಂದಿ ಮಾಂಸ ತಿಂದರೆ ಮೆದುಳಿಗೆ ಹುಳು ಹೋಗುತ್ತದೆ ಅನ್ನುವ ಮಾತು ಪ್ರತಿ ಮನೆಯಲ್ಲೂ ಇದೆ. ಅರ್ಧ ನಿಜ. ಆ ಅರ್ಧ ಯಾವುದು ಅಂತ ತಿಳಿದಿರಬೇಕು.

ಹಂದಿಯ ಲಾಡಿ ಹುಳುವಿಗೆ ಎರಡು ರೂಪ. ಹಂದಿಯ ಮಾಂಸದಲ್ಲಿ ಅದು ಮರಿಯಾಗಿ, ಸಣ್ಣ ನೀರುಗುಳ್ಳೆಯೊಳಗೆ ಕೂತಿರುತ್ತದೆ. ಅಂಥ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಮರಿ ನಮ್ಮ ಕರುಳಿನಲ್ಲಿ ದೊಡ್ಡ ಹುಳುವಾಗುತ್ತದೆ. ಅದು ಕರುಳಿನಲ್ಲೇ ಇರುತ್ತದೆ, ಮಾತ್ರೆಯಿಂದ ಹೋಗುತ್ತದೆ. ಮೆದುಳಿಗೆ ಹೋಗುವುದು ಬೇರೆ ದಾರಿಯಲ್ಲಿ. ಕರುಳಿನಲ್ಲಿ ಹುಳು ಇರುವ ಮನುಷ್ಯನ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ಆ ಮೊಟ್ಟೆ ನೀರು, ಹಸಿ ತರಕಾರಿ, ತೊಳೆಯದ ಕೈ ಮೂಲಕ ಯಾರದೋ ಹೊಟ್ಟೆ ಸೇರಿದರೆ, ಮರಿಗಳು ರಕ್ತದ ಜೊತೆ ಹೋಗಿ ಮೆದುಳಿನಲ್ಲೋ ಸ್ನಾಯುವಿನಲ್ಲೋ ಗುಳ್ಳೆ ಕಟ್ಟುತ್ತವೆ. ಫಿಟ್ಸ್ ಬರುವುದು ಇದರಿಂದ. ಹಂದಿ ಮುಟ್ಟದ, ಮಾಂಸವೇ ತಿನ್ನದ ಮನೆಯವರಿಗೂ ಇದು ಬರುವುದು ಅದಕ್ಕೇ.

ಹಾಗಾದರೆ ಅಡುಗೆಯವರು ಏನು ಮಾಡಬೇಕು? ಮಾಂಸ ಕೊಳ್ಳುವಾಗ ಕತ್ತರಿಸಿದ ಜಾಗ ನೋಡಿ. ಎಳೆಗಳ ನಡುವೆ ಅಕ್ಕಿ ಕಾಳಿನಷ್ಟು, ಅದಕ್ಕಿಂತ ಸ್ವಲ್ಪ ದೊಡ್ಡ ಬಿಳಿ ಗುಳ್ಳೆಗಳು ಕಂಡರೆ ಬೇಡ ಅನ್ನಿ. ಫಾರ್ಮಿನಲ್ಲಿ ಕಟ್ಟಿ ಸಾಕಿದ ಹಂದಿಯಲ್ಲಿ ಈ ತೊಂದರೆ ಕಮ್ಮಿ, ಬೀದಿಯಲ್ಲಿ ಬಿಟ್ಟು ಬೆಳೆಸಿದ್ದರಲ್ಲಿ ಜಾಸ್ತಿ. ಮರಿಗಳು ಸರಿಯಾದ ಬಿಸಿಗೆ ಸಾಯುತ್ತವೆ. ಅಮೆರಿಕದ ಕೃಷಿ ಇಲಾಖೆ 2011ರಲ್ಲಿ ಇಡೀ ತುಂಡಿನ ಹಂದಿ ಮಾಂಸಕ್ಕೆ 71 ಡಿಗ್ರಿಯ ಬದಲು 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡುವುದು ಸಾಕು ಅಂದಿತು. ವಿದೇಶದ ವಿಡಿಯೋಗಳಲ್ಲಿ ನಡುವೆ ತಿಳಿ ಕೆಂಪು ಕಾಣುವುದು ಅದಕ್ಕೆ. ಮಕ್ಕಳು, ವಯಸ್ಸಾದವರು ಎಲ್ಲ ಸೇರುವ ನಮ್ಮ ಮನೆಗಳಿಗೆ 71ರ ಹಳೆ ಲೆಕ್ಕವೇ ಇರಲಿ. ಭುಜದ ಮಾಂಸವಂತೂ ಹೇಗೂ 90 ಮುಟ್ಟುತ್ತದೆ, ಆ ಪ್ರಶ್ನೆಯೇ ಬರುವುದಿಲ್ಲ. ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಚೆನ್ನಾಗಿ ಬೆಂದ ಮಾಂಸ ಕೆಲವೊಮ್ಮೆ ತಿಳಿ ಕೆಂಪಗೇ ಇರುತ್ತದೆ, ಬೇಯದೇ ಇರುವುದು ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಹಂದಿ ಜ್ವರದ ಬಗ್ಗೆಯೂ ಕೇಳುತ್ತಾರೆ. ಆಫ್ರಿಕನ್ ಹಂದಿ ಜ್ವರ ಭಾರತದಲ್ಲಿ 2020ರಲ್ಲಿ ಮೊದಲು ಕಾಣಿಸಿಕೊಂಡಿತು. ಅದು ಹಂದಿಗಳಿಗೆ ಮಾರಕ, ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಕಾಯಿಲೆ ಬಿದ್ದ ಹಂದಿಯ ಮಾಂಸ ಅಗ್ಗಕ್ಕೆ ಸಿಗುತ್ತದೆ ಅಂತ ತರುವುದು ಬೇಡವೇ ಬೇಡ.

ಉಪ್ಪು ಒಳಗೆ ಹೋಗುತ್ತದೆ, ಮಸಾಲೆ ಹೋಗುವುದಿಲ್ಲ

ರಾತ್ರಿಯೆಲ್ಲ ಮಸಾಲೆಯಲ್ಲಿ ನೆನೆಸಿದರೆ ಒಳತನಕ ಇಳಿಯುತ್ತದೆ ಅಂದುಕೊಳ್ಳುತ್ತೇವೆ. ಶುಂಠಿ, ಬೆಳ್ಳುಳ್ಳಿ, ಮೆಣಸು ಮೇಲಿನ ಕೆಲವೇ ಮಿಲಿಮೀಟರ್‌ಗೆ ನಿಲ್ಲುತ್ತವೆ. ಉಪ್ಪು ಮಾತ್ರ ಒಳಗೆ ಹೋಗುತ್ತದೆ, ಅದೂ ನಿಧಾನಕ್ಕೆ. ಅದಕ್ಕೆ ಉಪ್ಪನ್ನು ಒಂದೆರಡು ದಿನ ಮೊದಲೇ ಸವರಿ ಫ್ರಿಜ್‌ನಲ್ಲಿಡಿ, ಮಸಾಲೆಗೆ ಆತುರ ಇಲ್ಲ. ಕೆಜಿಗೆ 12 ಗ್ರಾಂ ಉಪ್ಪು ಸಾಕು. 9 ಕೆಜಿಗೆ ನೂರು ಗ್ರಾಂ ಮೇಲೆ ಸ್ವಲ್ಪ. ದೊಡ್ಡ ಅಡುಗೆಯಲ್ಲಿ ಉಪ್ಪನ್ನು ಕೈಯಳತೆಯಲ್ಲಿ ಹಾಕುವ ಧೈರ್ಯ ಬೇಡ, ತೂಕ ಹಾಕಿ.

ಓವನ್ ಇಲ್ಲದ ಮನೆಯಲ್ಲಿ

ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂತು. ಅಂಥ ಊರಿನಲ್ಲೂ ಇವತ್ತು ಎಲ್ಲರ ಮನೆಯಲ್ಲಿ ದೊಡ್ಡ ಓವನ್ ಇಲ್ಲ. ಮನೆಯ ಓಟಿಜಿಯಲ್ಲಿ, ಅಂದರೆ ಕರೆಂಟಿನ ಸಣ್ಣ ಓವನ್ನಿನಲ್ಲಿ, ಎರಡು ಕೆಜಿಯ ಒಂದು ತುಂಡು, ಹೆಚ್ಚೆಂದರೆ ಎರಡು ಹಿಡಿಯುತ್ತದೆ. 150 ಡಿಗ್ರಿಯಲ್ಲಿ ಭುಜದ ತುಂಡು ನಾಲ್ಕೈದು ಗಂಟೆ ಕೇಳುತ್ತದೆ. ಬೇಕರಿಯವರ ಭಟ್ಟಿ ಕೇಳಬಹುದು, ಆದರೆ ಹಂದಿ ಮಾಂಸ ಅಂತ ಬಾಯಿಬಿಟ್ಟು ಹೇಳಿಯೇ ಕೇಳಿ. ಅಲ್ಲಿ ಬೇರೆಯವರ ಬ್ರೆಡ್ಡೂ ಬೇಯುತ್ತದೆ. ಆಗಲ್ಲ ಅಂದರೆ ಬೇಜಾರು ಮಾಡಿಕೊಳ್ಳುವುದೂ ಬೇಡ.

ನಿಜ ಹೇಳಬೇಕೆಂದರೆ ಆಂಗ್ಲೋ ಇಂಡಿಯನ್ ಮನೆಗಳ ರೋಸ್ಟ್‌ಗೆ ಓವನ್ ಬೇಕೇ ಇಲ್ಲ. ದಪ್ಪ ತಳದ ಅಗಲ ಪಾತ್ರೆ ಸಾಕು. ನನ್ನ ಪ್ರಕಾರ ದೊಡ್ಡ ಗುಂಪಿಗೆ ಇದೇ ಸುಲಭ.

ಎರಡು ಪಾತ್ರೆ ಇಟ್ಟುಕೊಳ್ಳಿ, ಒಂದೊಂದಕ್ಕೆ ಎರಡೆರಡು ತುಂಡು. ಮೇಲೆ ಮೇಲೆ ಪೇರಿಸಬೇಡಿ. ಮಾಂಸವನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಸ್ವಲ್ಪ ಎಣ್ಣೆಯಲ್ಲಿ ಒಂದೊಂದೇ ತುಂಡನ್ನು ಎಲ್ಲ ಮಗ್ಗುಲೂ ಕೆಂಪಗೆ ಮಾಡಿ. ಎಲ್ಲ ಒಟ್ಟಿಗೆ ಹಾಕಿದರೆ ಪಾತ್ರೆಯ ಬಿಸಿ ಇಳಿದು, ಮಾಂಸ ನೀರು ಬಿಟ್ಟು, ಹುರಿಯುವ ಬದಲು ಬೇಯತೊಡಗುತ್ತದೆ. ಆಮೇಲೆ ಎಲ್ಲ ಸೇರಿಸಿ ಕಾಳುಮೆಣಸು, ಲವಂಗ, ಚಕ್ಕೆ, ಒಣಮೆಣಸಿನಕಾಯಿ, ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ, ಕೆಜಿಗೆ ಒಂದು ಚಮಚ ವಿನೆಗರ್ ಹಾಕಿ. ಮಾಂಸದ ಅರ್ಧದ ತನಕ ನೀರು. ಮುಚ್ಚಳ ಮುಚ್ಚಿ ಸಣ್ಣ ಉರಿ. ಎರಡೂವರೆ, ಮೂರು ಗಂಟೆ. ಅರ್ಧ ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ. ಫೋರ್ಕ್ ಸಲೀಸಾಗಿ ತಿರುಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಈಗ ಮುಚ್ಚಳ ತೆಗೆದು ನೀರು ಇಂಗಿಸಿ. ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ನೀರು ಇರುವ ತನಕ ಪಾತ್ರೆ ಗುಳುಗುಳು ಅನ್ನುತ್ತದೆ, ಗುಳ್ಳೆ ದೊಡ್ಡದು, ಆವಿ ಬೆಳ್ಳಗೆ ದಟ್ಟ. ನೀರು ಮುಗಿಯುತ್ತಿದ್ದ ಹಾಗೆ ಸದ್ದು ಸಣ್ಣಗಾಗಿ ಚಟಪಟಕ್ಕೆ ತಿರುಗುತ್ತದೆ, ಗುಳ್ಳೆ ನೊರೆಯಾಗುತ್ತದೆ. ಅಂದರೆ ತಳದಲ್ಲಿ ಈಗ ಇರುವುದು ಬರೀ ನೆಣ. ಇನ್ನು ಪಾತ್ರೆ ಬಿಟ್ಟು ಅಲುಗಾಡಬಾರದು. ಆ ನೆಣದಲ್ಲೇ ತುಂಡುಗಳನ್ನು ಮೆಲ್ಲಗೆ ಹೊರಳಿಸಿ ಹುರಿಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಮೈ ಪೂರ್ತಿ ಕಂದು. ತುಂಡು ತೆಗೆದು, ಅರ್ಧ ಬೆಂದ ಆಲೂಗಡ್ಡೆಯನ್ನು ಅದೇ ನೆಣಕ್ಕೆ ಹಾಕಿ. ತಳಕ್ಕೆ ಅಂಟಿದ್ದನ್ನು ಒಂದು ಲೋಟ ಬಿಸಿನೀರು ಹಾಕಿ ಕೆರೆದರೆ ಗ್ರೇವಿ ರೆಡಿ. ನೆಣದ ಜಿಡ್ಡಿಗೆ ಹುಳಿ ಬೇಕು ಅನಿಸಿದರೆ ಒಂದಿಷ್ಟು ಹುಣಸೆ ರಸ ಸೇರಿಸಿ.

ಆತುರ ಇದ್ದರೆ ದೊಡ್ಡ ಕುಕ್ಕರ್‌ನಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಆಮೇಲೆ ಬಾಣಲೆಯಲ್ಲಿ ಹುರಿಯಬಹುದು. ಒತ್ತಡದಲ್ಲಿ ಬಿಸಿ 100 ದಾಟುವುದರಿಂದ ಪೊರೆ ಬೇಗ ಕರಗುತ್ತದೆ. ರುಚಿಯಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ, ಹೋಳು ಮಾಡುವಾಗ ಸ್ವಲ್ಪ ಪುಡಿಯಾಗುತ್ತದೆ.

ತೊಗಲು ಗರಿಗರಿ ಆಗಲು

ಪಾತ್ರೆಯ ರೋಸ್ಟ್‌ನಲ್ಲಿ ಇದು ಆಗುವುದಿಲ್ಲ, ಆವಿ ಬಿಡುವುದಿಲ್ಲ. ಓವನ್ ಇದ್ದವರಿಗೆ ಮಾತ್ರ. ತೊಗಲು ಮೊದಲು ಮೆತ್ತಗೆ ಬೇಯಬೇಕು, ಆಮೇಲೆ ಒಣಗಬೇಕು, ಕೊನೆಗೆ ಜೋರು ಬಿಸಿಗೆ ಒಳಗಿನ ಅಲ್ಪಸ್ವಲ್ಪ ನೀರು ಆವಿಯಾಗಿ ಉಬ್ಬಬೇಕು. ಚೂಪಾದ ಬ್ಲೇಡಿನಲ್ಲಿ ತೊಗಲಿಗೆ ಮಾತ್ರ ಗೆರೆ ಎಳೆದು, ಮಾಂಸಕ್ಕೆ ತಾಗದಂತೆ, ಉಪ್ಪು ಸವರಿ ಒಂದು ರಾತ್ರಿ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಮಾಂಸ ಬೆಂದ ಮೇಲೆ 220, 230 ಡಿಗ್ರಿಗೆ ಏರಿಸಿ ಇಪ್ಪತ್ತು ನಿಮಿಷ. ಬಿಟ್ಟು ಹೋಗಬೇಡಿ, ಕಪ್ಪಾಗಲು ಎರಡು ನಿಮಿಷ ಸಾಕು. ಆಮೇಲೆ ಫಾಯಿಲ್ ಮುಚ್ಚಿದಿರೋ, ಮತ್ತೆ ಮೆತ್ತಗಾಯಿತು.

ಹಿಂದಿನ ದಿನವೇ ಮಾಡಬಹುದಾ

ಮಾಡಬಹುದು. ಮಾಡುವುದೇ ಜಾಣತನ. ತಣ್ಣಗಿನ ಮಾಂಸ ನೀಟಾಗಿ ಹೋಳಾಗುತ್ತದೆ, ಬೆಳಿಗ್ಗೆ ಚರ್ಚಿನಿಂದ ಬಂದ ಮೇಲೆ ಗ್ರೇವಿಯಲ್ಲಿ ಬಿಸಿ ಮಾಡಿದರೆ ಮುಗಿಯಿತು. ಆದರೆ ದೊಡ್ಡ ಅಡುಗೆ ಕೆಡುವುದೂ ಇಲ್ಲೇ.

ಬೇಯಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಬೀಜದಂಥ ರೂಪ ಸಾಯುವುದಿಲ್ಲ. 5ರಿಂದ 60 ಡಿಗ್ರಿ ನಡುವೆ ಅವು ಮತ್ತೆ ಎದ್ದು ಬೇಗ ಬೇಗ ಹೆಚ್ಚುತ್ತವೆ. ದೊಡ್ಡ ಪಾತ್ರೆಯ ಮಾಂಸವನ್ನು 'ಆರಲಿ' ಅಂತ ರಾತ್ರಿಯೆಲ್ಲ ಅಡುಗೆಮನೆಯಲ್ಲೇ ಬಿಟ್ಟರೆ ನಡುಭಾಗ ಎಷ್ಟೋ ಗಂಟೆ ಉಗುರುಬೆಚ್ಚಗೇ ಇರುತ್ತದೆ. ಮಾರನೇ ದಿನ ಎಲ್ಲರಿಗೂ ಹೊಟ್ಟೆನೋವು. ತುಂಡುಗಳನ್ನು ಗ್ರೇವಿಯಿಂದ ಹೊರತೆಗೆದು, ಅಗಲ ತಟ್ಟೆಗಳಲ್ಲಿ ಬಿಡಿಬಿಡಿಯಾಗಿ ಫ್ಯಾನ್ ಕೆಳಗೆ ಇಟ್ಟು, ಎರಡು ಗಂಟೆಯೊಳಗೆ ಫ್ರಿಜ್ ಸೇರಿಸಿ. ಒಂದೇ ಫ್ರಿಜ್‌ಗೆ ಎಲ್ಲ ತುರುಕಬೇಡಿ, ಪಕ್ಕದ ಮನೆಯವರ ಫ್ರಿಜ್ಜೂ ಕೇಳಿ. ಗ್ರೇವಿ ಪಾತ್ರೆಯನ್ನು ಐಸ್ ಹಾಕಿದ ಟಬ್ಬಿನಲ್ಲಿ ಕೂರಿಸಿ. ಮಾರನೇ ದಿನ ಬಿಸಿ ಮಾಡುವಾಗ ಗ್ರೇವಿ ಕುದಿಯಬೇಕು, ಮಾಂಸದ ನಡುವೆ 74 ಡಿಗ್ರಿ ಬರಬೇಕು. ಸುಮ್ನೆ ಬೆಚ್ಚಗಾದರೆ ಸಾಲದು.

ಅದೇ ದಿನ ಮಾಡುವವರು ಮಧ್ಯಾಹ್ನ ಒಂದು ಗಂಟೆಯ ಊಟಕ್ಕೆ ಬೆಳಿಗ್ಗೆ ಏಳಕ್ಕೆ ಒಲೆ ಹಚ್ಚಿ. ಬೆಂದ ತುಂಡನ್ನು ಅರ್ಧ ಗಂಟೆ ಹಾಗೇ ಬಿಡಿ, ಕೂಡಲೇ ಕತ್ತರಿಸಿದರೆ ರಸವೆಲ್ಲ ಹಲಗೆಗೆ. ಹೋಳು ಮಾಡುವಾಗ ಎಳೆಗೆ ಅಡ್ಡಲಾಗಿ ಚಾಕು ಇಡಿ. ಎಳೆ ಗಿಡ್ಡವಾದಷ್ಟೂ ಬಾಯಲ್ಲಿ ಮೆತ್ತಗೆ. ಹಂದಿ ತಿನ್ನದ ನೆಂಟರಿದ್ದರೆ ಅವರ ಅಡುಗೆಗೆ ಸೌಟು, ಚಾಕು, ಹಲಗೆ ಬೇರೆಯೇ ಇರಲಿ, ಬಡಿಸುವ ಟೇಬಲ್ಲೂ ಬೇರೆ ಇದ್ದರೆ ಇನ್ನೂ ಒಳ್ಳೆಯದು.

ಉಳಿದರೆ

ಬಡಿಸಿ ಎರಡು ಗಂಟೆ ದಾಟುವ ಮೊದಲೇ ಫ್ರಿಜ್‌ಗೆ. ಮೂರು ದಿನ ಇರುತ್ತದೆ, ಕರೆಂಟ್ ಜಾಸ್ತಿ ಹೊತ್ತು ಹೋದರೆ ಅಷ್ಟೂ ಇಲ್ಲ. ಬಾಕ್ಸ್ ಕಟ್ಟಿ ಕಳಿಸುವುದಾದರೆ ಫ್ರಿಜ್‌ನಿಂದ ತೆಗೆದ ತಣ್ಣಗಿನ ಮಾಂಸವನ್ನೇ ಕಟ್ಟಿ, ಬೆಂಗಳೂರು ತಲುಪುವ ತನಕ ತಡೆಯುತ್ತದೆ. ಬೆಚ್ಚಗಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ರೈಲಿನಲ್ಲೇ ಹುಳಿ ವಾಸನೆ ಶುರು. ಪಾತ್ರೆಯ ತಳದಲ್ಲಿ ಉಳಿದ ನೆಣವನ್ನು ಸೋಸಿ ಸೀಸೆಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮಾರನೇ ದಿನ ಮೊಟ್ಟೆ, ಆಲೂಗಡ್ಡೆ ಹುರಿಯಲು ಬೇರೆ ಎಣ್ಣೆ ಬೇಡ.